ದೇಗಾಂವೆ ಎಂದು ಬರೆಯಲು ಯಾರ ಅಪ್ಪಣೆ ಬೇಕು?



ನಿಮ್ಮ ಊರಿನ ಹೆಸರನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ರೂಮು ಮಾಡಿಕೊಂಡಿರುವ ನೀವು ಅದನ್ನು ಕನ್ನಡದಲ್ಲಿ ಬರೆದು ಎಷ್ಟು ದಿನವಾಯಿತೋ! ಬರೆದಾದ ಮೇಲೆ ನಿಮ್ಮ ರೇಶನ್ ಕಾರ್ಡು, ಆಧಾರ್ ಕಾರ್ಡು, ಹೊಲದ ಉತಾರ, ಊರ ಹೊರಗಿನ ರಸ್ತೆ ಬೋರ್ಡು, ಇವುಗಳ ಜೊತೆ ಹೋಲಿಸಿ ನೋಡಿ. ನಾಲ್ಕೂ ಒಂದೇ ಥರ ಇದ್ದರೆ ನೀವು ಪುಣ್ಯವಂತರು.

ನಾನು ಪ್ರೆಸ್ಸು ನಡೆಸುವವ. ಓದಿದ್ದು ಪಿಯುಸಿವರೆಗೆ. ಆದರೆ ಊರಿನ ಹೆಸರುಗಳನ್ನು ನನ್ನಷ್ಟು ಸಲ ಅಚ್ಚು ಹಾಕಿದವರು ಕಡಿಮೆ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು, ಎಲ್ಲದರಲ್ಲೂ ಊರು ಬರಲೇಬೇಕು. ಕಿತ್ತೂರಿನಿಂದ ಐದಾರು ಕಿಲೋಮೀಟರ್ ದೂರದ ದೇಗಾಂವದ ಮಾತನ್ನೇ ತೆಗೆದುಕೊಳ್ಳಿ. ಒಂದು ಮನೆಯವರು ದೇಗಾಂವ ಅಂತ ಬರೆದುಕೊಂಡು ಬರುತ್ತಾರೆ. ಅವರ ಬೀಗರು ದೇಗಾವಿ ಅನ್ನುತ್ತಾರೆ. ಇನ್ನೊಬ್ಬರು ಸೊನ್ನೆ ಬಿಟ್ಟು ದೇಗಾವ. ಸ್ವಲ್ಪ ಓದಿಕೊಂಡವರು ತಿದ್ದಿ ದೇವಗಾಂವ ಮಾಡುತ್ತಾರೆ. ಮೊಳೆ ಜೋಡಿಸುವ ಕಾಲದಲ್ಲಿ ನಮ್ಮಪ್ಪ, ‘ಅವ್ರು ಬರದ್ಹಂಗ ಹಾಕು, ಹೆಸರು ಅವರದು’ ಅನ್ನುತ್ತಿದ್ದರು. ಈಗ ಮೊಳೆ ಹೋಯಿತು, ಕಂಪ್ಯೂಟರ್ ಬಂತು, ಗೊಂದಲ ಇನ್ನೂ ಹೆಚ್ಚಾಯಿತು. ಇಂಗ್ಲಿಷ್ ಅಕ್ಷರದಿಂದ ಕನ್ನಡಕ್ಕೆ ತಿರುಗಿಸಿದ ಒಂದು ವಿಳಾಸಪಟ್ಟಿ ನನ್ನ ಮೇಜಿಗೆ ಬಂದಾಗ ಅದರಲ್ಲಿ ‘ಡೆಗಾನ್’ ಎಂದಿತ್ತು. ಡೆಗಾನ್! ಯಾವ ದೇಶದ ಊರಪ್ಪಾ ಇದು?

ಹಾಗಾದರೆ ನಿಜವಾದ ಹೆಸರು ಯಾವುದು? ಉತ್ತರ ಆ ಊರಿನ ಕಲ್ಲಿನಲ್ಲೇ ಇದೆ. ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿ. ಅವನ ರಾಣಿ ಕಮಲಾದೇವಿ. ಆಕೆ ಇಲ್ಲಿ ಅಗ್ರಹಾರ ಮಾಡಿಸಿ ಕಮಲನಾರಾಯಣ ಗುಡಿ ಕಟ್ಟಿಸಿದಳು. ಕೆಲಸ ಮಾಡಿದ ಶಿಲ್ಪಿ ತಿಪ್ಪೋಜ. ಸಾಲಾಗಿ ಮೂರು ಗರ್ಭಗುಡಿ, ಕಂಬಗಳ ಕೆತ್ತನೆ... ನೋಡದಿದ್ದರೆ ಹೋಗಿ ನೋಡಿ, ಕಿತ್ತೂರ ಕೋಟೆ ನೋಡಲು ಬಂದವರು ಇಷ್ಟು ಹತ್ತಿರದ ಗುಡಿಯನ್ನು ಬಿಟ್ಟು ಹೋಗುತ್ತಾರೆ. 1174ರ ಸುಮಾರಿನ ಅಲ್ಲಿಯ ಶಾಸನದಲ್ಲಿ ಊರಿನ ಹೆಸರು ‘ದೇಗಾಂವೆ’. ಕಿತ್ತೂರಿನಲ್ಲಿ ಮೂರನೆಯ ಜಯಕೇಶಿಯ ಕಾಲದ ಇನ್ನೊಂದು ಕಲ್ಲಿದೆ. ಒಂದು ಹೊಲಕ್ಕಾಗಿ ಕಿತ್ತೂರಿನ ಆಚಾರ್ಯನಿಗೂ ದೇಗಾಂವೆಯ ಆಚಾರ್ಯನಿಗೂ ಜಗಳವಾಗಿ, ದೇಗಾಂವೆಯ ಮಹಾಜನರ ಮುಂದೆ ದಿವ್ಯ ಹಿಡಿದು ತೀರ್ಮಾನವಾದ ಸಂಗತಿ ಅದರಲ್ಲಿದೆ. ಅಲ್ಲಿಯೂ ಅದೇ ಹೆಸರು. ಈ ಶಾಸನಗಳನ್ನು ಓದಿ ಅಚ್ಚು ಮಾಡಿಸಿದ ಇಂಗ್ಲಿಷಿನವ ಫ್ಲೀಟ್ ಸಾಹೇಬ ಕೂಡ ಸೊನ್ನೆ, ದೀರ್ಘ ತಪ್ಪದೆ ದೇಗಾಂವೆ ಎಂದೇ ಬರೆದ. ಹೊರಗಿನವ ಉಳಿಸಿದ್ದನ್ನು ನಾವು ಕಳೆದುಕೊಂಡಿದ್ದೇವೆ!

ಈಗ ಕೆಲವರು ಮೀಸೆ ತಿರುವುತ್ತಾರೆ: ‘ಗಾಂವ ಅಂದ ಮೇಲೆ ಅದು ಮರಾಠಿ ಊರಲ್ಲವೇ?’ ಗಡಿಯ ಜಗಳದಲ್ಲಿ ಈ ಮಾತನ್ನು ನೀವೂ ಕೇಳಿರಬೇಕು. ನಮ್ಮ 865 ಊರು ತಮ್ಮವೆಂದು ಮಹಾರಾಷ್ಟ್ರದ ವಿಧಾನಸಭೆ 2022ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಗೊತ್ತುವಳಿ ಮಾಡಿತು. ಊರ ಹೆಸರಿನ ಕೊನೆಯ ಎರಡಕ್ಷರ ಹಿಡಿದು ಊರನ್ನೇ ಎಳೆಯುವ ವಾದ ಅಂಥ ಹೊತ್ತಿನಲ್ಲಿ ಬಾಯಿಂದ ಬಾಯಿಗೆ ಓಡುತ್ತದೆ. ಸಂಸ್ಕೃತದ ‘ಗ್ರಾಮ’ ಮರಾಠಿಗೂ ಬಂತು, ನಮಗೂ ಬಂತು. ನಮ್ಮ ಬಾಯಲ್ಲಿ ಅದು ಗಾವೆ ಆಯಿತು, ಗಾವಿ ಆಯಿತು. ವೇಣುಗ್ರಾಮ ಬೆಳಗಾವಿ ಆದದ್ದು ಹೀಗೆ. ನಕಾಶೆಯ ಸಂಪಗಾಂವ ಜನರ ಬಾಯಲ್ಲಿ ಸಂಪಗಾವಿ. ಇನ್ನು ‘ದೇ’ ನೋಡಿ. ದೇವಕುಲ ಕನ್ನಡದಲ್ಲಿ ದೇಗುಲ ಆಯಿತು, ನಡುವಿನ ‘ವ’ ಕರಗಿತು. ದೇವಗ್ರಾಮ ದೇಗಾಂವೆ ಆಗಿದ್ದರೆ ಅದೇ ದಾರಿ ಹಿಡಿದಿದೆ.

ಆದರೆ ಇಷ್ಟಕ್ಕೇ ಜೈಕಾರ ಹಾಕಬೇಡಿ. ಸೊಲ್ಲಾಪುರದ ಪಕ್ಕದಲ್ಲೂ ಒಂದು ದೇಗಾಂವ ಇದೆ. ಸೊಲ್ಲಾಪುರ ಒಂದು ಕಾಲಕ್ಕೆ ಸಿದ್ಧರಾಮನ ಸೊನ್ನಲಿಗೆ, ನಿಜ. ಹಾಗಂತ ಹೆಸರೊಂದನ್ನೇ ಹಿಡಿದು ಗಡಿಗೆರೆ ಎಳೆದರೆ ಅವರು ಮಾಡುವುದನ್ನೇ ನಾವು ಮಾಡಿದ ಹಾಗಾಯಿತು. ನಮ್ಮ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂಬಾ ಜೋಶಿಯವರು ಜೀವನವಿಡೀ ಊರ ಹೆಸರುಗಳನ್ನು ಅಗೆದರು. ಮಹಾರಾಷ್ಟ್ರದ ಒಡಲಲ್ಲಿ ಕನ್ನಡದ ನೆಲೆ ಹುಡುಕಿದರು. ಅವರ ಎಲ್ಲಾ ಊಹೆಗಳನ್ನು ಪಂಡಿತರು ಒಪ್ಪಲಿಲ್ಲ. ಆದರೆ ಕೂಗುವ ಮೊದಲು ಅಗೆಯಬೇಕು ಎಂಬುದನ್ನು ಅವರಿಂದ ಕಲಿಯಬಹುದು.

ಅಗೆದರೆ ಏನೆಲ್ಲ ಸಿಗುತ್ತದೆ ಗೊತ್ತೇ? ಸವದತ್ತಿಯ ಹೂಲಿ ಶಾಸನದಲ್ಲಿ ಪೂಲಿ. ಹಲಸಿ ಕದಂಬರ ತಾಮ್ರಪಟದಲ್ಲಿ ಪಲಾಶಿಕಾ, ಆಮೇಲೆ ಪಲಸಿಗೆ. ಹಳೆಯ ‘ಪ’ ಹೊಸ ‘ಹ’ ಆದದ್ದು ನಿಮ್ಮ ವ್ಯಾಕರಣ ಪುಸ್ತಕದಲ್ಲಿ ಸತ್ತ ಸೂತ್ರ. ಇಲ್ಲಿ ಅದು ಬಸ್ಸು ನಿಲ್ಲುವ ಜಾಗ. ಸವದತ್ತಿಯೇ ಸುಗಂಧವರ್ತಿ. ಎಷ್ಟು ಚೆಂದದ ಹೆಸರು! ಜನರ ನಾಲಗೆ ಅದನ್ನು ತಿಕ್ಕಿ ತಿಕ್ಕಿ ಸವದತ್ತಿ ಮಾಡಿತು. ಇದರಲ್ಲಿ ತಪ್ಪಿಲ್ಲ, ನಾಲಗೆಗೆ ಆ ಹಕ್ಕಿದೆ. ಇಂಗ್ಲಿಷಿನವರು ಬಂದು ಸೌಂದತ್ತಿ ಮಾಡಿದರಲ್ಲ, ಅದು ಬೇರೆ ಮಾತು.

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಒಕ್ಕುಂದದ ವಿಷಯದಲ್ಲಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡ ಯಾವ ಸೀಮೆಯದು ಎಂದು ನಾಲ್ಕು ಊರು ಹೆಸರಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೈಲಹೊಂಗಲ ಕಡೆಯ ಒಕ್ಕುಂದ. ಕನ್ನಡದ ತಿರುಳು ಎನಿಸಿಕೊಂಡ ಊರು! ಅದನ್ನು ಈಗ ಕಾಗದಪತ್ರಗಳಲ್ಲಿ ‘ವಕ್ಕುಂದ’ ಅಂತ ಬರೆಯುತ್ತಾರೆ. ಒಂಕುಂದ ಎಂದು ಕೇಳಿದ ಕೂಡಲೇ ಎದೆಯುಬ್ಬಿಸುವ ನಿಮ್ಮಲ್ಲಿ ಎಷ್ಟು ಜನಕ್ಕೆ ವಕ್ಕುಂದಕ್ಕೆ ಹೋಗುವ ದಾರಿ ಗೊತ್ತು?

ಹೆಸರು ಕೆಡಿಸುವವರು ಹೊರಗಿನವರು ಮಾತ್ರ ಅಲ್ಲ. ಒಬ್ಬ ಹುಡುಗ ಫ್ಲೆಕ್ಸ್ ಮಾಡಿಸಲು ಬಂದಿದ್ದ, ಕೊರಳಲ್ಲಿ ಕೆಂಪು ಹಳದಿ ಶಾಲು. ‘ಅಣ್ಣಾರ, ಗಾಂವ ಅನ್ನೂದು ಬ್ಯಾಡ. ಚೊಕ್ಕ ಕನ್ನಡದಾಗ ದೇವೂರು ಅಂತ ಹಾಕ್ರಿ’ ಅಂದ. ‘ತಮ್ಮಾ, ಎಂಟುನೂರು ವರ್ಷದ ಹಿಂದ ರಾಣಿ ಕಲ್ಲಿನಾಗ ಬರಸ್ಯಾಳ. ನೀ ಫ್ಲೆಕ್ಸಿನಾಗ ಬರಸ್ತಿ. ಯಾವುದು ಉಳೀತೈತಿ?’ ಅಂತ ಕೇಳಿದೆ. ಅವನ ಉತ್ಸಾಹ ನನಗೆ ಇಷ್ಟವೇ. ಆದರೆ ಆ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ದೂರದ ಒಂದು ದೇಶದ ಕಥೆ ಕೇಳಿ.

ಪೋಲೆಂಡ್ ಗೊತ್ತಲ್ಲ. ಅಲ್ಲಿಯ ಹಳ್ಳಿಯ ಹೆಸರುಗಳೂ ನಮ್ಮವುಗಳಂತೆಯೇ. ನಮ್ಮಲ್ಲಿ ಕುಂಬಾರಹಳ್ಳಿ ಇದ್ದರೆ ಅಲ್ಲಿ ರೊಟ್ಟಿ ಸುಡುವವರ ಊರು ಪ್ಯೆಕಾರಿ, ಗುರಾಣಿ ಮಾಡುವವರ ಊರು ಶ್ಚಿತ್ನಿಕಿ. ಪಕ್ಕದ ಜರ್ಮನಿಯ ಪೂರ್ವ ಪ್ರಶ್ಯ ಸೀಮೆಯಲ್ಲಿ ಇಂಥ ಸ್ಲಾವ್ ಮೂಲದ ಹೆಸರುಗಳನ್ನು 1938ರಲ್ಲಿ ನಾಜಿ ಸರ್ಕಾರ ಸಾವಿರದ ಲೆಕ್ಕದಲ್ಲಿ ಅಳಿಸಿ ಅಚ್ಚ ಜರ್ಮನ್ ಹೆಸರು ಅಂಟಿಸಿತು. ಯುದ್ಧ ಮುಗಿದು ಗಡಿ ಸರಿಯಿತು. 1946ರಿಂದ ಪೋಲೆಂಡಿನ ಹೆಸರು ಸಮಿತಿ 30,000ಕ್ಕೂ ಹೆಚ್ಚು ಹೆಸರುಗಳನ್ನು ತಿದ್ದಿತು. ಹಳೆಯ ದಾಖಲೆ ಇದ್ದ ಕಡೆ ಅದನ್ನು ಎತ್ತಿ ತಂದರು. ಬ್ರೆಸ್ಲಾವ್ ಹೋಗಿ ವ್ರೊತ್ಸ್ವಾಫ್ ಆಯಿತು. ಅದು ನ್ಯಾಯ. ಆದರೆ ರಾಸ್ಟೆನ್‌ಬುರ್ಗ್ ಎಂಬ ಊರಿಗೆ ಅಲ್ಲಿಯ ಪೋಲಿಷ್ ಜನ ತಮ್ಮ ಬಾಯಲ್ಲಿ ರಾಸ್ತೆಂಬೋರ್ಕ್ ಎನ್ನುತ್ತಿದ್ದರು. ಸಮಿತಿಗೆ ಅದೂ ಸಾಲದಾಯಿತು. ಇತಿಹಾಸಕಾರ ಕೆಂಟ್ಷಿನ್ಸ್ಕಿಯ ಹೆಸರು ಹಿಡಿದು ಊರನ್ನು ಕೆಂಟ್ಷಿನ್ ಮಾಡಿದರು. ತಮ್ಮವರ ಬಾಯಲ್ಲಿದ್ದ ಹೆಸರನ್ನು ತಾವೇ ಒರೆಸಿದರು! ನಮ್ಮ ‘ದೇವೂರು’ ಇದೇ ಜಾತಿಯದು.

ಪೋಲೆಂಡ್ ದೂರವಾಯಿತೇ? ಕಾಸರಗೋಡಿಗೆ ಬನ್ನಿ. ಮಧೂರು ‘ಮಧುರಂ’ ಆಗುತ್ತದೆ, ಮಲ್ಲ ‘ಮಲ್ಲಂ’ ಆಗುತ್ತದೆ, ಬೇಡಡ್ಕ ‘ಬೇಡಕಂ’ ಆಗುತ್ತದೆ ಎಂಬ ಸುದ್ದಿ 2021ರ ಜೂನಿನಲ್ಲಿ ಎದ್ದಾಗ ನಾವೆಲ್ಲ ಸಿಡಿದೆದ್ದೆವು. ಕರ್ನಾಟಕದ ಮುಖ್ಯಮಂತ್ರಿ ಕೇರಳಕ್ಕೆ ಪತ್ರ ಬರೆದರು. ಅಂಥ ಪ್ರಸ್ತಾವವೇ ಇಲ್ಲ ಎಂದು ಅತ್ತಲಿಂದ ಉತ್ತರ ಬಂತು. ಒಳ್ಳೆಯದೇ. ಸರ್ಕಾರದ ಆದೇಶ ಬಂದರೆ ತಡೆಯಬಹುದು. ಆದೇಶವೇ ಇಲ್ಲದೆ, ಒಬ್ಬ ಗುಮಾಸ್ತ, ಒಂದು ಕಂಪ್ಯೂಟರ್, ಒಬ್ಬ ಬೋರ್ಡು ಬರೆಯುವವ ಸೇರಿ ಮೆಲ್ಲಗೆ ಬದಲಿಸಿದರೆ? ಕಾಸರಗೋಡಿಗಾಗಿ ಕೂಗಿದ ನಮ್ಮ ಗಂಟಲು ದೇಗಾಂವೆಗೆ, ಒಕ್ಕುಂದಕ್ಕೆ ಏಕೆ ಕಟ್ಟುತ್ತದೆ?

2014ರ ನವೆಂಬರ್ 1ರಂದು ಹನ್ನೆರಡು ನಗರಗಳಿಗೆ ಕನ್ನಡದ ಹೆಸರು ಮರಳಿತು. ಬೆಲ್ಗಾಂ ಹೋಗಿ ಬೆಳಗಾವಿ ಬಂತು. ಪಟಾಕಿ ಹೊಡೆದೆವು, ಪೇಡೆ ಹಂಚಿದೆವು. ಹಳ್ಳಿಗಳನ್ನು ಅಲ್ಲಿಗೇ ಮರೆತೆವು. ಹಳ್ಳಿಯ ಹೆಸರನ್ನು ದಾಖಲೆಯಲ್ಲಿ ಬದಲಿಸಲು ರಾಜ್ಯದ ಪ್ರಸ್ತಾವ ಬೇಕು, ಕೇಂದ್ರ ಗೃಹ ಖಾತೆಯ ಒಪ್ಪಿಗೆ ಬೇಕು. ಅದು ಅಂಚೆ, ರೈಲ್ವೆ, ಸರ್ವೆ ಇಲಾಖೆಗಳನ್ನು ಕೇಳುತ್ತದೆ. ಬೆಳಗಾವಿಗೇ ವರ್ಷಗಟ್ಟಲೆ ಹಿಡಿಯಿತು. ಅದು ಆಗುವಾಗ ಆಗಲಿ. ಆದರೆ ಗುಡಿಯ ಜಾತ್ರೆಯ ಹ್ಯಾಂಡ್‌ಬಿಲ್ಲಿನಲ್ಲಿ, ಯುವಕ ಸಂಘದ ರಬ್ಬರ್ ಸ್ಟಾಂಪಿನಲ್ಲಿ, ನಿಮ್ಮ ಮದುವೆಯ ಪತ್ರಿಕೆಯಲ್ಲಿ ‘ದೇಗಾಂವೆ’ ಎಂದು ಹಾಕಲು ದೆಲ್ಲಿಯ ಅಪ್ಪಣೆ ಬೇಕೇ? ದಾಖಲೆಯ ಹೆಸರನ್ನೂ ಪಕ್ಕದಲ್ಲಿ ಹಾಕಿ, ಟಪಾಲು ತಪ್ಪದಿರಲಿ.

ಮುಂದಿನ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಅಜ್ಜಿಯನ್ನು ಕೂರಿಸಿಕೊಂಡು ಊರಿನ ಹೆಸರನ್ನೂ ಹೊಲಗಳ ಹೆಸರನ್ನೂ ಅವಳ ಬಾಯಲ್ಲಿ ಬಂದಹಾಗೆಯೇ ಬರೆದುಕೊಳ್ಳಿ. ನಿಮ್ಮ ಮೊಬೈಲಿನಲ್ಲಿ ರೆಕಾರ್ಡು ಮಾಡಿದರೆ ಇನ್ನೂ ಒಳ್ಳೆಯದು. ಊರಲ್ಲಿ ಶಾಸನವಿದ್ದರೆ ಅದರಲ್ಲಿ ಹೆಸರು ಹೇಗಿದೆ ಎಂದು ಓದಬಲ್ಲವರನ್ನು ಕೇಳಿ. ಆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು, ಗ್ರಾಮಸಭೆ ಕೂಡುವ ದಿನ ರಜೆ ಹಾಕಿ ಬಂದು, ಪಂಚಾಯ್ತಿ ಅಧ್ಯಕ್ಷರ ಕೈಗೆ ಕೊಟ್ಟು ಪೋಚಪಾವತಿ ತೆಗೆದುಕೊಳ್ಳಿ.