ಗ್ಯಾಸು ಎಲ್ಲಿಂದ ಬಂತು ಸ್ವಾಮಿ?



ಮ್ಯಾನ್‌ಹೋಲಿಗಿಳಿದ ನಮ್ಮವರು ಹೆಣವಾಗಿ ಮೇಲೆ ಬಂದಾಗಲೆಲ್ಲ ಕಂಟ್ರಾಕ್ಟರು ಹೇಳೋದು ಒಂದೇ ಮಾತು: "ಇದ್ದಕ್ಕಿದ್ದ ಹಾಗೆ ಗ್ಯಾಸು ಬಂತು, ನಾವೇನು ಮಾಡೋಕಾಗುತ್ತೆ?" ಗ್ಯಾಸು ಎಲ್ಲಿಂದಲೂ ಬರಲಿಲ್ಲ. ಆ ನೀರಿನಲ್ಲೇ ಇತ್ತು.

ಗೋಲಿಸೋಡ ನೋಡಿಲ್ಲವೆ? ಗೋಲಿ ಕೂತಿರುವವರೆಗೆ ಬಾಟ್ಲಿಯೊಳಗೆ ನೀರು ಸುಮ್ಮನಿರುತ್ತದೆ. ಒತ್ತಿದ ಕೂಡಲೇ ಬುಸ್ಸೆಂದು ಉಕ್ಕುತ್ತದೆ. ಅಲುಗಿಸಿದರೆ, ಬಿಸಿಲಲ್ಲಿಟ್ಟರೆ ಇನ್ನೂ ಜೋರು. ನೀರಿನ ಮೇಲೆ ಅನಿಲದ ಒತ್ತಡ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಅನಿಲ ನೀರಲ್ಲಿ ಕರಗಿ ನಿಲ್ಲುತ್ತದೆ. ಇದನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ಅಳೆದು ಬರೆದಿಟ್ಟ.

ಚರಂಡಿಯೂ ಹಾಗೇ. ಗಾಳಿಯಾಡದ ಹೂಳಿನಲ್ಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟಿ ನೀರಲ್ಲಿ ಕರಗಿ ಕೂತಿರುತ್ತದೆ. ಮೇಲೆ ನಿಂತವರು ಮುಚ್ಚಳ ತೆಗೆದು "ವಾಸನೆ ಹೋಯ್ತು, ಇಳಿಯೋ" ಅಂತಾರೆ. ಇಳಿದವನು ಕಾಲಲ್ಲಿ ಹೂಳು ಕಲಕಿದಾಗಲೇ ಸೋಡ ಒಡೆಯುವುದು. ಮೊದಲು ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 100 ಪಾಲು ದಾಟಿತೆಂದರೆ ಮೂಗೇ ಸತ್ತು ಹೋಗಿ ನಾತವೂ ತಿಳಿಯದು. 1000 ಪಾಲಾದರೆ ಒಂದೆರಡು ಉಸಿರಿಗೇ ಆಳು ಬೀಳುತ್ತಾನೆ. ಕಟ್ಟಿಕೊಂಡಿದೆಯೆಂದು ಯಾರಾದರೂ ಆಸಿಡ್ ಸುರಿದಿದ್ದರಂತೂ ನೀರಲ್ಲಿದ್ದ ಸಲ್ಫೈಡೆಲ್ಲ ಅನಿಲವಾಗಿ ಎದ್ದು ಬರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಬಿದ್ದವನನ್ನು ಎತ್ತಲು ಇನ್ನೊಬ್ಬ, ಅವನ ಅಣ್ಣನೋ ಭಾವನೋ, ಇಳಿಯುತ್ತಾನೆ. ಅವನೂ ಬೀಳುತ್ತಾನೆ.

ಹೆನ್ರಿಯ ನಿಯಮ ಪಿಯುಸಿ ಕೆಮಿಸ್ಟ್ರಿ ಪುಸ್ತಕದಲ್ಲಿದೆ. ಇಂಜಿನಿಯರ್ ಸಾಹೇಬರು ಅದನ್ನು ಬರೆದು ಮಾರ್ಕು ತಗೊಂಡವರೇ! ಕಾನೂನೂ ಇದೆ, 1993ರದ್ದು, ಆಮೇಲೆ 2013ರದ್ದು. ಸತ್ತರೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಹೆಣದ ರೇಟು ಏರಿತು, ಆಳು ಇಳಿಸೋದು ನಿಂತಿಲ್ಲ.

ಇನ್ನು ಕೆಲವರು ಗ್ಯಾಸು ಅಳೆಯುವ ಮೀಟರು ಕೊಟ್ಟರೆ ಸಾಕು ಅನ್ನುತ್ತಾರೆ. ನಾವು ಒಪ್ಪೋದಿಲ್ಲ. ಕಲಕದ ನೀರಿನ ಮೇಲೆ ಹಿಡಿದ ಮೀಟರು ಕಲಕಿದ ಮೇಲಿನ ಗ್ಯಾಸನ್ನು ತೋರಿಸೀತೆ? ಆ ಗುಂಡಿಗೆ ಮೆಷಿನ್ನೇ ಇಳಿಯಬೇಕು.

ಪೋಲೀಸರು ಮಹಜರಿನಲ್ಲಿ 'ಆಕಸ್ಮಿಕ' ಅಂತ ಬರೆದು ಮುಂದೆ ಚಾಚಿದರೆ ಹೆಬ್ಬೆಟ್ಟು ಒತ್ತಬೇಡಿ. ಮೆಷಿನ್ ಯಾಕೆ ಬರಲಿಲ್ಲ, ಇಳಿ ಎಂದವರು ಯಾರು, ಇವೆರಡನ್ನು ಮೊದಲು ಬರೆಯಿರಿ ಅನ್ನಿ. ಸಹಿ ಆಮೇಲೆ.