ಒಂದೇ ದೇಹ, ಒಂದೇ ಖಾತೆ



ನಾವು ಎಮ್ಮಿಗನೂರಿನಲ್ಲಿ ಶೇಂಗಾ, ಹತ್ತಿ ವ್ಯಾಪಾರ ಮಾಡಿಕೊಂಡವರು. ಕಲಿತದ್ದು ಮೆಟ್ರಿಕ್‌ವರೆಗೆ. ವೈದ್ಯರ ವಿದ್ಯೆ ನಮಗೆ ತಿಳಿಯದು. ಆದರೆ ನಮ್ಮ ಮನೆಯಲ್ಲಿ ಆದದ್ದನ್ನು ಹೇಳದೆ ಇದ್ದರೆ ತಪ್ಪಾದೀತು.

ನಮ್ಮ ತಂಗಿಯ ಮಗನಿಗೆ ಈಗ 38 ವರ್ಷ. ಹುಟ್ಟಿನಿಂದಲೇ ಅವನ ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ರಂಧ್ರ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಇಕ್ಕಟ್ಟು. ತುಟಿ, ಉಗುರು ನೀಲಿ. ಚಿಕ್ಕವನಿದ್ದಾಗ ರಕ್ತಕ್ಕೆ ಬೇರೆ ದಾರಿ ಮಾಡಿಕೊಡುವ ಆಪರೇಶನ್ ಆಯಿತು. ಆಮೇಲಿನ ದೊಡ್ಡ ಆಪರೇಶನ್ನು ಮದುವೆ, ಅಂಗಡಿ ಎನ್ನುತ್ತ ಮುಂದಕ್ಕೆ ಹೋಯಿತು.

ಎರಡು ವರ್ಷದಿಂದ ಅವನ ಕಾಲಿನ ಹೆಬ್ಬೆರಳು ಊದಿ ನೋಯುತ್ತಿತ್ತು. ಔಷಧಿ ಅಂಗಡಿಯ ನೋವಿನ ಮಾತ್ರೆ ನುಂಗುತ್ತಿದ್ದ. ಕಳೆದ ದಶಲಕ್ಷಣ ಪರ್ವದ ಅನಂತ ಚತುರ್ದಶಿಗೆ ನೀರನ್ನೂ ಬಿಟ್ಟು ಉಪವಾಸ ಮಾಡಿದ. ನಾವೇ ನೆಂಟರ ಮುಂದೆ ಅವನನ್ನು ಹೊಗಳಿದೆವು. ಸಂಜೆಗೆ ಮಾತು ತೊದಲಿತು, ಬಲಗೈ ಜೋತುಬಿತ್ತು. ಬಳ್ಳಾರಿಗೆ, ಅಲ್ಲಿಂದ ಬೆಂಗಳೂರಿಗೆ ಓಡಿದೆವು. ಜೀವ ಉಳಿಯಿತು. ಅಂಗಡಿಯ ಬಿಲ್ಲು ಬರೆಯುವವಳು ಈಗ ಅವನ ಹೆಂಡತಿ.

ವೈದ್ಯರು ಬಿಡಿಸಿ ಹೇಳಿದರು. ಆಮ್ಲಜನಕ ಕಡಿಮೆಯಾದಾಗ ದೇಹವು ಕೆಂಪು ರಕ್ತಕಣಗಳನ್ನು ಹೆಚ್ಚು ಮಾಡುತ್ತದೆ, ರಕ್ತ ಮಂದವಾಗುತ್ತದೆ. ನೀರು ಬಿಟ್ಟರೆ ಇನ್ನೂ ಮಂದವಾಗಿ ಹೆಪ್ಪುಗಟ್ಟಬಹುದು. ಹೆಪ್ಪು ಶ್ವಾಸಕೋಶದಲ್ಲಿ ತಡೆಯದೆ ರಂಧ್ರದ ಮೂಲಕ ನೇರ ಮೆದುಳಿಗೆ ಹೋಗಬಹುದು. ಬೆರಳಿನ ನೋವೂ ಇದರ ಮಗುವೇ: ಇಂಥವರ ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ. ಅದಕ್ಕೆ ನುಂಗಿದ ಮಾತ್ರೆ ಮೊದಲೇ ಸೋತ ಮೂತ್ರಪಿಂಡಕ್ಕೆ ಪೆಟ್ಟು. ಪಿತ್ತಕೋಶದ ಕಲ್ಲೂ ಇವರಿಗೆ ಬರುವುದುಂಟು. ನಾವು ಬೇರೆ ಬೇರೆ ಎಂದುಕೊಂಡ ಕಾಯಿಲೆಗಳೆಲ್ಲ ಒಂದೇ ಖಾತೆಯವು.

1944ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆಲೆನ್ ಟೌಸಿಗ್ ಎಂಬ ವೈದ್ಯೆಯ ಸಲಹೆಯಂತೆ ಆಲ್ಫ್ರೆಡ್ ಬ್ಲಾಲಾಕ್ ಇಂಥ ನೀಲಿ ಕೂಸಿಗೆ ಮೊದಲ ಆಪರೇಶನ್ ಮಾಡಿದರು. ನಮ್ಮ ಸೀಮೆಗೆ ಹತ್ತಿರದ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಆಸ್ಪತ್ರೆ 1991ರಲ್ಲಿ ಆರಂಭವಾಗಿ, ಹೃದಯದ ಶಸ್ತ್ರಚಿಕಿತ್ಸೆಯನ್ನು ಹಣ ಪಡೆಯದೆ ಮಾಡುತ್ತ ಬಂದಿದೆ. ಉಳಿದ ಕೂಸುಗಳು ಈಗ ದೊಡ್ಡವರಾಗಿದ್ದಾರೆ. ದೊಡ್ಡವರ ಕಾಯಿಲೆಗಳೂ ಅವರಿಗೆ ಬರುತ್ತವೆ. ಆಪರೇಶನ್ ಆಯಿತು, ಮುಗಿಯಿತು ಎನ್ನುವಂತಿಲ್ಲ.

ಆದ್ದರಿಂದ ಇಂಥವರಿರುವ ಮನೆಯವರು ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಯಾವ ವೈದ್ಯರ ಬಳಿ ಹೋದರೂ ಮೊದಲು ಹೃದಯದ ಮಾತು ಹೇಳಿ. ಹಲ್ಲು ಕೀಳಿಸುವ ಮುನ್ನ, ಹೊಸ ಮಾತ್ರೆ ನುಂಗುವ ಮುನ್ನ, ಸೊಸೆಗೆ ಈ ದೋಷವಿದ್ದರೆ ಗರ್ಭ ನಿಲ್ಲುವ ಮುನ್ನ ಹೃದಯದ ವೈದ್ಯರನ್ನು ಕೇಳಿ. ಸಂಬಂಧ ಬೆಳೆಸುವಾಗ ಮುಚ್ಚಿಡಬೇಡಿ.

ವ್ರತದ ಮಾತು. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದುಂಟು. ಶಕ್ತಿ ಇದ್ದಷ್ಟು ತಪಸ್ಸು ಎಂದೇ ಅದರ ಅರ್ಥ. ಸ್ವಾಧ್ಯಾಯವೂ ತಪಸ್ಸೇ. ಈ ಭಾದ್ರಪದದಲ್ಲಿ ನಮ್ಮ ಅಳಿಯ ನೀರು ಕುಡಿದು, ಮಾತ್ರೆ ನುಂಗಿ, ಶಾಸ್ತ್ರ ಓದಲಿದ್ದಾನೆ. ಪಕ್ಕದಲ್ಲಿ ನಾವೂ ಕೂರುತ್ತೇವೆ. ಹೋದ ವರ್ಷದ ನಮ್ಮ ಹೊಗಳಿಕೆಗೆ ಅದೇ ಪ್ರಾಯಶ್ಚಿತ್ತ.