ಅಂದು ಸೋತವರು ನೆಟ್ಟ ಕಲ್ಲು

ಧಾರವಾಡಕ್ಕೆ ಹೋಗಿಬಂದವರನ್ನು ಏನೇನು ನೋಡಿದಿರೆಂದು ಕೇಳಿದರೆ ಬಹುಮಟ್ಟಿಗೆ ಒಂದೇ ಬಗೆಯ ಉತ್ತರ ದೊರೆಯುತ್ತದೆ. ಕರ್ನಾಟಕ ಕಾಲೇಜಿನ ಕಟ್ಟಡ, 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, ಬೇಂದ್ರೆಯವರು ಬಾಳಿದ ಸಾಧನಕೇರಿ, ಕೊನೆಗೆ ಮನೆಯವರಿಗೆಂದು ಕಟ್ಟಿಸಿಕೊಂಡ ಒಂದು ಪೊಟ್ಟಣ ಪೇಢೆ. ಇಷ್ಟಾದರೆ ಊರು ನೋಡಿದಂತಾಯಿತು. ಇಂಗ್ಲಿಷರ ಕಾಲದ ಪ್ರಾರ್ಥನಾಮಂದಿರಗಳ ಕಡೆಗಾಗಲಿ, ಅವರು ತಮ್ಮ ಮೃತರಿಗಾಗಿ ನಿಲ್ಲಿಸಿದ ಕಲ್ಲುಗಳ ಕಡೆಗಾಗಲಿ ಹೆಜ್ಜೆ ಹಾಕುವವರು ವಿರಳ. ಆ ಕಲ್ಲುಗಳಲ್ಲೊಂದು ಮೇಲೆ ಹೋದಂತೆ ಕಿರಿದಾಗುತ್ತ ಮೊನೆಗೊಳ್ಳುವ ಚೌಕಾಕಾರದ ಸ್ತಂಭ. ಅದರ ಮೇಲೆ ಸೇಂಟ್ ಜಾನ್ ಥ್ಯಾಕರೆಯ ಹೆಸರಿದೆ.

ಸೇಂಟ್ ಎಂದೊಡನೆ ಯಾರೋ ಕ್ರೈಸ್ತ ಸಂತನಿರಬೇಕೆಂದು ಕೈಮುಗಿದು ಮುಂದೆ ಸಾಗುವವರೂ ಉಂಟು. ಆದರೆ ಅದು ಸಂತನೆಂಬ ಬಿರುದಲ್ಲ. ಹೆತ್ತವರು ಇಟ್ಟ ಹೆಸರಿನದೇ ಒಂದು ಭಾಗ. ಈತ ಧಾರವಾಡದಲ್ಲಿ ಕಂಪನಿ ಸರಕಾರದ ಕಲೆಕ್ಟರನೂ ರಾಜಕೀಯ ಏಜೆಂಟನೂ ಆಗಿದ್ದವನು; 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಗುಂಡೇಟಿಗೆ ಬಿದ್ದವನು. ಗುಂಡು ಹಾರಿಸಿದವನು ಅಮಟೂರು ಬಾಳಪ್ಪನೆಂಬುದು ಬೈಲಹೊಂಗಲ ಸೀಮೆಯ ಮಕ್ಕಳಿಗೂ ಬಾಯಿಪಾಠ.

ಬೈಲಹೊಂಗಲದಿಂದ ಬಂದ ಒಂದು ಸಂಸಾರ ಈ ಸ್ತಂಭದೆದುರು ನಿಂತಿದೆಯೆಂದು ಭಾವಿಸಿಕೊಳ್ಳಿ. ಶಾಲೆಯ ನಾಟಕದಲ್ಲಿ ರಟ್ಟಿನ ಕತ್ತಿ ಹಿಡಿದು ಬಂದಿರುವ ಹುಡುಗ ತಂದೆಯನ್ನು ಕೇಳದೆ ಬಿಡುವನೆ?

“ಅಪ್ಪಾ, ಇಂವ ನಮ್ಮ ರಾಣಿ ಮ್ಯಾಲೆ ದಂಡೆತ್ತಿ ಬಂದಾಂವ ಅಲ್ಲೇನು? ಇವನ ಕಲ್ಲು ಇನ್ನೂ ಯಾಕ ಇಟ್ಟಾರ?”

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಸುಲಭದ್ದಲ್ಲ. “ಸುಮ್ಮನಿರು” ಎಂದು ಗದರಿಸಿ ಪೇಟೆಯ ಕಡೆಗೆ ಕರೆದೊಯ್ಯುವ ತಂದೆಯರೇ ಹೆಚ್ಚು. ಆದರೆ ಉತ್ತರ ಹೇಳಲು ತೊಡಗಿದ ತಂದೆ ನಡೆದ ಸಂಗತಿಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಸಂಸ್ಥಾನಕ್ಕೆ ದತ್ತುಮಗನನ್ನು ತೆಗೆದುಕೊಂಡಿತ್ತು. ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಸ್ವತಃ ಕಿತ್ತೂರಿಗೆ ಬಂದು ಬೊಕ್ಕಸಕ್ಕೆ ಮುದ್ರೆ ಹಾಕಿಸಿದನು. ಮಲ್ಲಸರ್ಜನ ರಾಣಿಯಾದ ಚೆನ್ನಮ್ಮ ಇದಕ್ಕೆ ತಲೆಬಾಗಲಿಲ್ಲ. ಕೋಟೆಯ ಬಾಗಿಲುಗಳು ಮುಚ್ಚಿದವು. ತೋಪುಗಳನ್ನು ತಂದು ನಿಲ್ಲಿಸಿದರೆ ಹೆಂಗಸಿನ ಆಳಿಕೆ ಬೆದರೀತೆಂದು ಥ್ಯಾಕರೆ ಎಣಿಸಿದ್ದಿರಬೇಕು. ಆದರೆ ಬಾಗಿಲು ತೆರೆದದ್ದು ಶರಣಾಗತಿಗಲ್ಲ, ಕಾಳಗಕ್ಕೆ. ಅಂದು ಥ್ಯಾಕರೆಯೊಡನೆ ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟರಾದ ಸ್ಯೂಯೆಲ್, ಡೈಟನ್ ಇವರೂ ಮಡಿದರು. ಕಲೆಕ್ಟರನ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು.

ಈ ಜಯ ಬಹುಕಾಲ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಕಮಿಶನರ್ ಚಾಪ್ಲಿನ್ ಹಿರಿದಾದ ಸೈನ್ಯದೊಂದಿಗೆ ಬಂದನು. ಆ ಮುತ್ತಿಗೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋನ ಬಂಧುವಾದ ಇನ್ನೊಬ್ಬ ಮನ್ರೋ ಮಡಿದನು. ಆದರೂ ಡಿಸೆಂಬರ್ 5ರ ವೇಳೆಗೆ ಕೋಟೆ ಕಂಪನಿಯ ವಶವಾಯಿತು. ರಾಣಿಯನ್ನು ಬೈಲಹೊಂಗಲದ ಕೋಟೆಗೆ ಒಯ್ದರು. ಅಲ್ಲಿಯೇ 1829ರ ಫೆಬ್ರುವರಿಯಲ್ಲಿ, ಬಂಧನದಲ್ಲಿರುವಾಗಲೇ, ಆಕೆ ಕಣ್ಣುಮುಚ್ಚಿದಳು. ಅವಳ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಷ್ಟನ್ನು ಕೇಳಿದ ಮೇಲೆ ಹುಡುಗ ಸ್ತಂಭವನ್ನು ಮತ್ತೊಮ್ಮೆ ನೋಡಬೇಕು. ಕಂಪನಿಯ ಗೆಲುವುಗಳಿಗೆ ಕಲ್ಲಿನ ಕೊರತೆ ಇರಲಿಲ್ಲ. ಕಡತಗಳಲ್ಲಿ ಕಿತ್ತೂರಿನ ಜನರನ್ನು ದಂಗೆಕೋರರೆಂದು ಬರೆದಿಡುವುದಕ್ಕೆ ಕಾಗದದ ಕೊರತೆಯೂ ಇರಲಿಲ್ಲ. ಆದರೆ ಈ ಒಂದು ಕಲ್ಲು ಅವರ ಗೆಲುವನ್ನು ಹೇಳುವುದಿಲ್ಲ. ಒಂದು ಚಿಕ್ಕ ಸಂಸ್ಥಾನದ ಎದುರು ತಮ್ಮ ಕಲೆಕ್ಟರ್ ಇಂಥ ದಿನ ಬಿದ್ದನೆಂಬುದನ್ನು ಅವರೇ ತಮ್ಮ ಖರ್ಚಿನಲ್ಲಿ ಕೆತ್ತಿಸಿ, ಊರಿಗೆ ಕಾಣುವಂತೆ ನಿಲ್ಲಿಸಿಹೋದರು. ಲಾವಣಿಕಾರನು ಹಾಡಿದರೆ ಅಭಿಮಾನದ ಅತಿಶಯವೆಂದು ತಳ್ಳಿಹಾಕುವವರಿದ್ದಾರೆ. ಎದುರಾಳಿಯೇ ಬರೆದುಕೊಟ್ಟ ಈ ಸಾಕ್ಷಿಯನ್ನು ತಳ್ಳಿಹಾಕುವ ಬಗೆ ಹೇಗೆ? ಈ ಕಲ್ಲನ್ನು ಕಿತ್ತುಹಾಕಿದರೆ ಹಾನಿ ಥ್ಯಾಕರೆಗಲ್ಲ, ಕಿತ್ತೂರಿಗೆ.

ಸತ್ತವನೂ ಒಂದು ಮನೆಯ ಮಗನೆಂಬುದನ್ನು ಮರೆಯಬೇಕಾಗಿಲ್ಲ. ಆಂಗ್ಲ ಕಾದಂಬರಿ ಓದಿದವರೆಲ್ಲರಿಗೂ ಪರಿಚಿತನಾದ, ‘ವ್ಯಾನಿಟಿ ಫೇರ್’ ಬರೆದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತ ಚಿಕ್ಕಪ್ಪ. ಆ ಕಾದಂಬರಿಕಾರ ಹುಟ್ಟಿದ್ದು 1811ರಲ್ಲಿ ಕಲಕತ್ತೆಯಲ್ಲಿ. ಕಿತ್ತೂರಿನ ಕಾಳಗ ನಡೆದಾಗ ಅವನು ಇಂಗ್ಲೆಂಡಿನ ಶಾಲೆಯೊಂದರಲ್ಲಿ ಓದುತ್ತಿದ್ದ ಹದಿಮೂರರ ಬಾಲಕ. ಅಷ್ಟರಲ್ಲಾಗಲೇ ತಂದೆಯನ್ನು ಕಳೆದುಕೊಂಡಿದ್ದ ಹುಡುಗನ ಮನೆಗೆ ಇನ್ನೊಂದು ಸಾವಿನ ವಾರ್ತೆ ಸಮುದ್ರ ದಾಟಿ ಹೋಗಿರಬೇಕು.

ಆದರೆ ಈ ಕಥೆಯಲ್ಲಿ ಕನ್ನಡಿಗರು ನೆನೆಯಬೇಕಾದ ಹೆಸರು ಸತ್ತವನದಕ್ಕಿಂತ ಉಳಿದವನದು. ಸೆರೆಸಿಕ್ಕ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವಯಸ್ಸು. ಕಲೆಕ್ಟರನನ್ನು ಹೊಡೆದುರುಳಿಸಿದ ಆವೇಶದಲ್ಲಿ ಕಿತ್ತೂರಿನವರು ಅವನನ್ನೂ ಮುಗಿಸಿಬಿಡಬಹುದಾಗಿತ್ತು, ಮುಗಿಸಲಿಲ್ಲ. ಸುಮಾರು ಆರು ವಾರ ಸೆರೆಯಲ್ಲಿಟ್ಟು, ಎರಡನೆಯ ಕಾಳಗಕ್ಕೆ ಮೊದಲೇ ಬಿಟ್ಟುಕೊಟ್ಟರು. ಎಲಿಯಟ್ 1833ರವರೆಗೆ ಈ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದನು. ಊರೂರಿನ ಗುಡಿ, ಬಸದಿ, ಕೆರೆದಂಡೆಗಳಲ್ಲಿ ಬಿದ್ದಿದ್ದ ಶಿಲಾಶಾಸನಗಳು ಅವನ ಮನಸ್ಸನ್ನು ಸೆಳೆದವು. ಇಲ್ಲಿಯ ವಿದ್ವಾಂಸರ ನೆರವಿನಿಂದ ಅವುಗಳನ್ನು ಓದಿಸಿ, ಪ್ರತಿ ಮಾಡಿಸಿ, 595 ಶಾಸನಗಳ ಸಂಗ್ರಹವನ್ನು ಸಿದ್ಧಗೊಳಿಸಿದನು. ಅವುಗಳನ್ನು ಆಧರಿಸಿ 1837ರಲ್ಲಿ ಲಂಡನ್ನಿನ ರಾಯಲ್ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಪ್ರಕಟಿಸಿದ ಲೇಖನವು ಕಲ್ಯಾಣದ ಚಾಲುಕ್ಯರ ವಂಶಾವಳಿಯನ್ನು ವಿದ್ವತ್‌ಪ್ರಪಂಚದ ಮುಂದಿಟ್ಟಿತು. ಮುಂದೆ ಫ್ಲೀಟ್ ಮೊದಲಾದವರು ಸವದತ್ತಿಯ ರಟ್ಟರ ಚರಿತ್ರೆಯನ್ನೂ ಕನ್ನಡನಾಡಿನ ಇತರ ಅರಸುಮನೆತನಗಳ ಚರಿತ್ರೆಯನ್ನೂ ಶಾಸನಗಳಿಂದ ಬಿಡಿಸಿದ್ದು ಎಲಿಯಟ್ ತೊಡಗಿಸಿದ ದಾರಿಯಲ್ಲಿಯೇ ನಡೆದು. ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ ಮೇಲೂ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಪೂರೈಸಿ 1887ರಲ್ಲಿ ಅವನು ತೀರಿಕೊಂಡನು.

ವೈರಿಯ ಪಾಳೆಯದ ಒಬ್ಬ ತರುಣನ ಪ್ರಾಣ ಉಳಿಸಿದ್ದರಿಂದ ಕಿತ್ತೂರಿಗೆ ರಾಜ್ಯ ಉಳಿಯಲಿಲ್ಲ, ನಿಜ. ಆದರೆ ಕನ್ನಡ ನಾಡಿಗೆ ತನ್ನ ಹಿಂದಿನ ಬಾಳಿನ ಅಕ್ಷರಗಳು ದೊರೆತವು. ಕಾಳಗದ ಗೆಲುವು ಆರು ವಾರ ಬಾಳಿತು. ಸಂಯಮದ ಗೆಲುವು ಇಂದಿಗೂ ಬಾಳುತ್ತಿದೆ. ತಂದೆ ಮಗನಿಗೆ ಹೇಳಬೇಕಾದ ಮಾತು ಇದು.

ಧಾರವಾಡದಿಂದ ಕಿತ್ತೂರು ಸುಮಾರು 30 ಕಿಲೋಮೀಟರ್, ಹೆದ್ದಾರಿಯ ಮಗ್ಗುಲಲ್ಲೇ. ಅಲ್ಲಿ ಪಾಳುಬಿದ್ದ ಅರಮನೆಯ ಗೋಡೆಗಳಿವೆ, ಧ್ರುವನಕ್ಷತ್ರವನ್ನು ನೋಡುತ್ತಿದ್ದರೆಂದು ತೋರಿಸುವ ಕಿಂಡಿಯಿದೆ, ಕೋಟೆಯೊಳಗೆ ವಸ್ತುಸಂಗ್ರಹಾಲಯವಿದೆ. ಪ್ರತಿವರ್ಷ ಅಕ್ಟೋಬರ್ 23ರಿಂದ ಉತ್ಸವವೂ ನಡೆಯುತ್ತದೆ. ಅಲ್ಲಿಂದ ಬೈಲಹೊಂಗಲಕ್ಕೆ ಹೋದರೆ ರಾಣಿಯ ಸಮಾಧಿ. ಸಮಾಧಿಗೆ ಕೈಮುಗಿದು ಬಂದವರು ಅನೇಕರು. ಧಾರವಾಡದ ಸ್ತಂಭವನ್ನು ಮೊದಲು ಕಂಡು, ಆಮೇಲೆ ಈ ಸಮಾಧಿಯ ಮುಂದೆ ನಿಂತವರು ಕೆಲವರೇ. ಹಾಗೆ ನಿಂತ ಹುಡುಗನಿಗೆ ಮಾತ್ರ ಎರಡು ಕಲ್ಲುಗಳ ನಡುವಣ ಸಂಬಂಧ ತಿಳಿದೀತು. ಊರು ಸೇರಿದ ಮೇಲೆ ಅವನು ರಟ್ಟಿನ ಕತ್ತಿಯನ್ನು ಮತ್ತೆ ಕೈಗೆತ್ತಿಕೊಳ್ಳಲಿ. ಮುಂದಿನ ನಾಟಕದಲ್ಲಿ ಥ್ಯಾಕರೆ ಬಿದ್ದೊಡನೆ ಪರದೆ ಎಳೆಯದೆ, ಸೆರೆಯಾಳನ್ನು ಬಿಟ್ಟುಕೊಡುವ ದೃಶ್ಯವೊಂದನ್ನೂ ಸೇರಿಸುವಂತೆ ಗುರುಗಳನ್ನು ಕೇಳಲಿ.